ಮಷೀನಿಗೆ ಕಾಲು ತಾಗಬಾರದು

ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ ಎನ್ನುವುದು ಐವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು. ಅದಕ್ಕೂ ಮೊದಲು ನನ್ನ ಹೊಟ್ಟೆ, ನಿದ್ದೆ, ರಕ್ತದೊತ್ತಡ ಇವ್ಯಾವುವೂ ನನ್ನ ಮಾತು ಕೇಳುತ್ತಿರಲಿಲ್ಲ. ಕೈಯಾದರೂ ವಿಧೇಯ ಎಂದುಕೊಂಡಿದ್ದೆ. ಈಗ ಆ ಕೈಯ ನಡುಬೆರಳಿಗೆ ಅರ್ಧವೇ ಉಗುರು. ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಸೊಟ್ಟಗೆ ಬೆಳೆದರೆ ಏನು ಗತಿ ಎಂದು ನಾನು ದಿನಾ ಬೆಳಕಿಗೆ ಹಿಡಿದು ನೋಡುತ್ತಿರುತ್ತೇನೆ.

ನಾನು ಕೆಲಸ ಮಾಡುವುದು ಕಾಮಾಕ್ಷಿಪಾಳ್ಯದ ಒಂದು ಪ್ರೆಸ್ ಶೆಡ್ಡಿನಲ್ಲಿ. ಹಿತ್ತಾಳೆಯ ಪಟ್ಟಿಯನ್ನು ಒಳಗಿಟ್ಟರೆ, ಮೇಲಿನಿಂದ ಉಕ್ಕಿನ ಭಾರವಾದ ತಲೆಯೊಂದು ಧಡ್ ಎಂದು ಇಳಿದು, ಕೆಳಗಿನ ಅಚ್ಚಿಗೆ ಒತ್ತಿ, ಸ್ವಿಚ್ಚುಗಳ ಒಳಗೆ ಕೂರುವ ಪುಟ್ಟ ತುಂಡನ್ನು ಕತ್ತರಿಸಿ ಕೊಡುತ್ತದಲ್ಲ, ಆ ಪ್ರೆಸ್ಸು. ಶೆಡ್ಡು ನಮ್ಮ ಭಾವನವರದು, ಅಂದರೆ ಅಕ್ಕನ ಗಂಡನದು. ನಾನು ಮೊದಲು ಒಂದು ಕಂಪನಿಯ ಆಫೀಸಿನಲ್ಲಿದ್ದೆ. ಕಂಪನಿ ಬೇರೆ ಊರಿಗೆ ಹೋಯಿತು. ಅಲ್ಲಿಯ ನೀರು ಒಗ್ಗುತ್ತದೋ ಇಲ್ಲವೋ ಎಂದು ಚಿಂತೆ ಮಾಡುತ್ತ ನಾನು ಚಂದ್ರಾ ಲೇಔಟಿನ ಮನೆಯಲ್ಲೇ ಉಳಿದೆ. ಭಾವ ಕರೆದರು: "ಸುಮ್ನೆ ಮನೇಲಿ ಕೂತು ಯೋಚ್ನೆ ಮಾಡೋದನ್ನ ಶೆಡ್ಡಲ್ಲೇ ಬಂದು ಮಾಡು. ಇಮೇಲು, ಜಿಎಸ್‌ಟಿ ನೋಡ್ಕೊ. ನನಗೆ ಅದು ಬರಲ್ಲ." ಹಾಗೆ ನಾನು ಕೈಗಾರಿಕೋದ್ಯಮಿಯಾದೆ. ಮೂಲೆಯಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ಒಂದು ಕಂಪ್ಯೂಟರು, ಅದರ ಮುಂದೆ ನಾನು.

ನಮ್ಮ ಕಡೆಯವರು ದಾವಣಗೆರೆ ಸುತ್ತಿನವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನನ್ನ ವಿಭೂತಿ ಹಬ್ಬಹರಿದಿನಕ್ಕೆ ಮಾತ್ರ. ಬೆವರಿಗೆ ಕರಗಿ ಕಣ್ಣಿಗೆ ಇಳಿದರೆ ಉರಿಯುತ್ತದೇನೋ ಎಂಬ ಶಂಕೆ. ಭಾವ ಹಾಗಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಬಲಗೈಯಲ್ಲಿ ಪೂಜೆ ಮಾಡದೆ ಅವರು ಒಂದು ಗುಟುಕು ಕಾಫಿ ಕುಡಿದವರಲ್ಲ. ಅಲ್ಲಿಂದ ನೇರ ಶೆಡ್ಡಿಗೆ. ಅವರ ಮಟ್ಟಿಗೆ ಅದು ಒಂದು ಪೂಜೆ ಮುಗಿಸಿ ಇನ್ನೊಂದಕ್ಕೆ ಕೂರುವುದು. ದೇವಸ್ಥಾನಕ್ಕೆ ಅವರು ಹೋದದ್ದನ್ನು ನಾನು ಕಂಡಿಲ್ಲ. "ಯಾಕ್ ಭಾವ?" ಎಂದು ಒಮ್ಮೆ ಕೇಳಿದರೆ, "ಟೈಮೆಲ್ಲಿದೆಯೋ? ಇಲ್ಲೇ ನಾಲ್ಕು ದೇವ್ರು ಇದಾವಲ್ಲ, ಇವಕ್ಕೇ ಎಣ್ಣೆ ಸಾಲಲ್ಲ" ಎಂದಿದ್ದರು.

ನಾಲ್ಕು ದೇವರು ಅಂದರೆ ನಾಲ್ಕು ಪ್ರೆಸ್ಸು. ಎಲ್ಲದರ ಹಣೆಯಲ್ಲೂ ಮೂರು ಗೀಟಿನ ವಿಭೂತಿ. ಆಯುಧಪೂಜೆಗೆ ಎಲ್ಲ ಶೆಡ್ಡುಗಳಲ್ಲೂ ಬಳಿಯುತ್ತಾರೆ, ನಮ್ಮಲ್ಲಿ ದಿನಾ. ಶೆಡ್ಡಿನ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಯಂತ್ರದ ಮುಂದೆ ಕೂರುವ ಮೊದಲು ಅದರ ಹಾಸನ್ನು, ಅಂದರೆ ಅಚ್ಚು ಕೂತಿರುವ ಕಬ್ಬಿಣದ ಮೇಜನ್ನು, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಯಂತ್ರಕ್ಕೆ ಕಾಲು ತಾಗಿದರೆ ತಕ್ಷಣ ಮುಟ್ಟಿ ಮತ್ತೊಮ್ಮೆ ಒತ್ತಿಕೊಳ್ಳಬೇಕು. ಇದನ್ನು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ, ಚೆಲ್ಲಿದ ಅಕ್ಕಿಗೆ ತಾಗಿದರೆ, ಬಸ್ಸಿನಲ್ಲಿ ಪಕ್ಕದವರಿಗೆ ತಾಗಿದರೆ ನಾವೆಲ್ಲ ಮಾಡುವುದೇ ಇದು.

ಆದರೆ ಹಳೆಯ ಕಾಲದ ಪ್ರೆಸ್ಸು ನಡೆಯುವುದೇ ಕಾಲಿನಿಂದ. ಕೆಳಗೊಂದು ಪೆಡಲ್ ಇರುತ್ತದೆ, ಹೊಲಿಗೆ ಯಂತ್ರದ ಹಾಗೆ. ತುಳಿದಾಗಲೆಲ್ಲ ತಲೆ ಇಳಿಯುತ್ತದೆ. ಭಾವ ಮೊದಲ ಪ್ರೆಸ್ಸು ತಂದಾಗ ಅದಕ್ಕೂ ಇತ್ತಂತೆ. ಬೆಳಿಗ್ಗೆ ಊದುಬತ್ತಿ ಬೆಳಗಿ ಸಂಜೆಯವರೆಗೆ ಅದನ್ನೇ ತುಳಿಯುವುದು ಹೇಗೆಂದು ಅವರಿಗೆ ಅನ್ನ ಇಳಿಯಲಿಲ್ಲವಂತೆ. ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ: "ನನ್ನ ಕಾಲು ತುಳಿದ್ರೆ ಸಾರಿ ಅಂತಾನೂ ಹೇಳ್ತಿರ್ಲಿಲ್ಲ ಕಣೋ ಈ ಮನುಷ್ಯ. ಮಷೀನ್ ತುಳಿದಿದ್ದಕ್ಕೆ ಉಪವಾಸ!" ಕೊನೆಗೆ ಭಾವ ಗೊತ್ತಿದ್ದ ಫಿಟ್ಟರನ್ನು ಹಿಡಿದು ಪೆಡಲ್ ತೆಗೆಸಿದರು. ಗಾಳಿಯ ಒತ್ತಡದಿಂದ ನಡೆಯುವಂತೆ ಮಾಡಿ, ಎಡಕ್ಕೊಂದು ಬಲಕ್ಕೊಂದು ಗುಂಡಿ ಹಾಕಿಸಿದರು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ತಲೆ ಇಳಿಯುತ್ತದೆ. ಒಂದೇ ಗುಂಡಿ ಸಾಲದೇ ಎಂದು ಫಿಟ್ಟರು ಕೇಳಿದ್ದನಂತೆ. "ಪೂಜೆ ಒಂದು ಕೈಲಿ ಮಾಡ್ತಾರೇನಯ್ಯ?" ಎಂದರಂತೆ ಭಾವ. ಮುಂದೆ ಬಂದ ಮೂರು ಪ್ರೆಸ್ಸುಗಳಿಗೂ ಇದೇ ಸಂಸ್ಕಾರವಾಯಿತು.

ನನಗೆ ಇದು ನಗುವ ವಿಷಯ. ಹೀಗೆ ನಗಲು ನನಗೆ ಹಕ್ಕೂ ಇತ್ತು, ಯಾಕೆಂದರೆ ನಾನು ಧರ್ಮ ಮತ್ತು ದುಡಿಮೆಯ ವಿಷಯದಲ್ಲಿ ಭಾಷಣಕಾರ. ಬಸವೇಶ್ವರನಗರದ ಒಂದು ಸಭಾಂಗಣದಲ್ಲಿ ನಮ್ಮವರ ಕಾರ್ಯಕ್ರಮವಿದ್ದಾಗ, ಬರಬೇಕಾದ ಪ್ರೊಫೆಸರರು ಬಾರದೆ, ನನ್ನನ್ನು ವೇದಿಕೆಗೆ ಹತ್ತಿಸಿದ್ದರು. ದುಡಿಮೆಯನ್ನೇ ಪೂಜೆ ಎಂದವರ ಮಕ್ಕಳು ನಾವು, ಧರ್ಮದಿಂದ ಶಿಸ್ತು, ಶಿಸ್ತಿನಿಂದ ಉತ್ಪಾದನೆ, ಉತ್ಪಾದನೆಯಿಂದ ಏಳಿಗೆ, ಪಶ್ಚಿಮದ ಪಂಡಿತರು ಈಚೆಗೆ ಕಂಡುಕೊಂಡದ್ದು ನಮ್ಮಲ್ಲಿ ಎಂದೋ ಇತ್ತು ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಫ್ಯಾನಿನ ಗಾಳಿಗೆ ನೆಗಡಿಯಾದೀತೆಂದು ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ಕೂತೆ. ಹಿಂದಿನ ಸಾಲಿನಲ್ಲಿದ್ದ ಭಾವ ಮನೆಗೆ ಹೊರಟಾಗ ಬೈಕಿನಲ್ಲಿ ಹೇಳಿದ್ದು ಇಷ್ಟೇ: "ಚೆನ್ನಾಗ್ ಮಾತಾಡ್ದೆ. ನಾಳೆ ಬೇಗ ಬಾ, ಸ್ಕ್ರ್ಯಾಪ್ ಗಾಡಿ ಬರತ್ತೆ." ಮಾರನೆಯ ದಿನ ನಾನು ತಡವಾಗಿಯೇ ಹೋದೆ. ನೆಗಡಿಯಾಗಿತ್ತು.

ಆಮೇಲೆ ಶೆಡ್ಡಿಗೆ ಕೆಟ್ಟ ಕಾಲ ಬಂತು. ವರ್ಷಗಟ್ಟಲೆ ನಮ್ಮಿಂದ ತುಂಡು ಕೊಳ್ಳುತ್ತಿದ್ದವರು ಹೊರಗಿನ ಮಾಲಿಗೆ ತಿರುಗಿದರು. ಎರಡು ಪ್ರೆಸ್ಸುಗಳು ಸುಮ್ಮನೆ ನಿಂತವು. ಭಾವ ನಿಂತವುಗಳಿಗೂ ವಿಭೂತಿ ಹಚ್ಚುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಸ್ವಿಚ್ಚು ಮಾಡುವ ಒಂದು ದೊಡ್ಡ ಕಂಪನಿಯಿಂದ ಮೇಲ್ ಬಂತು: ನಿಮ್ಮ ಮಾದರಿ ಚೆನ್ನಾಗಿದೆ, ನಮ್ಮ ಕ್ವಾಲಿಟಿ ಇಂಜಿನಿಯರು ಶೆಡ್ಡು ನೋಡಲು ಬರುತ್ತಾರೆ, ಅವರು ಒಪ್ಪಿದರೆ ಕಾಯಂ ಕೆಲಸ.

ನಾನು ಓದಿ ಹೇಳಿದೆ. ಭಾವ ಕೈಯೊರೆಸುವ ಬಟ್ಟೆಯನ್ನು ಮಡಿಸುತ್ತ ನಿಂತರು. "ಇದು ಸಿಕ್ಲಿಲ್ಲ ಅಂದ್ರೆ ಬೀಗ ಹಾಕೋದೇ ಕಣೋ," ಅಂದರು. "ಈ ವಯಸ್ಸಲ್ಲಿ ಇನ್ನೊಬ್ರ ಶೆಡ್ಡಿಗೆ ಆಪರೇಟರ್ ಆಗಿ ಹೋಗ್ಬೇಕು. ಅಲ್ಲಿ ಪೆಡಲ್ ಇರತ್ತೆ."

ಇದನ್ನು ಕೇಳಿದ ನನಗೆ ಆ ವಾರ ನಿದ್ದೆ ಹತ್ತಲಿಲ್ಲ. ಮೊಬೈಲಿನಲ್ಲಿ ಕಾರ್ಖಾನೆಗಳ ವಿಡಿಯೋ ನೋಡಿದೆ. ಎಲ್ಲೆಲ್ಲೂ ವೇಗ. ನಮ್ಮಲ್ಲಿ ಪಟ್ಟಿ ಸರಿಸಿ, ಎರಡೂ ಕೈ ಹಿಂದೆ ತೆಗೆದು, ಎರಡೂ ಗುಂಡಿ ಒತ್ತಿ, ಮತ್ತೆ ಕೈ ಮುಂದೆ. ಅದೇ ಪೆಡಲ್ ಇದ್ದರೆ ಕೈಯಿಂದ ಪಟ್ಟಿ ಸರಿಸುತ್ತಲೇ ಇರಬಹುದು, ಕಾಲು ತುಳಿಯುತ್ತಲೇ ಇರಬಹುದು. ಬರುವ ಇಂಜಿನಿಯರಿಗೆ ಈ ಎರಡು ಗುಂಡಿಯ ಆಲಸ್ಯ ಕಂಡರೆ ನಮ್ಮ ಕಥೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು.

"ಒಂದೇ ಒಂದು ಮಷೀನಿಗೆ ಪೆಡಲ್ ಹಾಕ್ಸೋಣ ಭಾವ. ತೋರಿಸೋಕೆ."

"ಆಗಲ್ಲ."

"ದೇವರು ಬೇಜಾರು ಮಾಡ್ಕೊಳಲ್ಲ. ಶೆಡ್ ಉಳಿಯೋದು ಮುಖ್ಯ."

"ನೀನೇ ತಾನೆ ಅವತ್ತು ಮೈಕಲ್ಲಿ ಹೇಳಿದ್ದು, ದುಡಿಮೆನೇ ಪೂಜೆ ಅಂತ?"

"ಅದು ಭಾಷಣ ಭಾವ!"

ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಹೆಂಡ ಕುಡಿದು ಬಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಶೆಡ್ಡು ಅವರ ಜೀವ. ಸಂಜೆ ಹೊತ್ತಿಗೆ, "ಒಂದಕ್ಕೆ ಮಾತ್ರ. ಅವರು ಹೋದ ತಕ್ಷಣ ತೆಗೀಬೇಕು," ಎಂದರು.

ಫಿಟ್ಟರು ಬಂದು ಪೆಡಲ್ ಕೂರಿಸಿ ಹೋದ. ಆಮೇಲೆ ಗೊತ್ತಾಯಿತು, ತುಳಿಯುವವರೇ ಇಲ್ಲ. ಭಾವ ಆ ಯಂತ್ರದ ಕಡೆ ಬೆನ್ನು ಮಾಡಿ ನಿಂತರು. ನಮ್ಮಲ್ಲಿ ಬಹಳ ವರ್ಷಗಳಿಂದ ಪ್ರೆಸ್ಸು ನಡೆಸುವವಳು ಗದಗದ ಕಡೆಯ ಒಬ್ಬ ಹೆಂಗಸು. ಕುರುಬರಹಳ್ಳಿಯಲ್ಲಿ ಬಾಡಿಗೆ ಕೋಣೆ, ಬಾಯಿ ಜೋರು. ಅವಳನ್ನು ಕೇಳಿದೆ.

"ನಾ ಒಲ್ಲೆ ನೋಡ್ರಿ ಸರ. ಇಷ್ಟ್ ದಿನ ಕೈ ಮುಗದು ಈಗ ಕಾಲ್ ಕೊಡೂದಾ? ನೀವ ತುಳೀರಿ. ನಿಮಗ ದೇವ್ರು ದಿಂಡ್ರು ಅಂತ ಏನಿಲ್ಲಲ್ಲ, ಪಾಪ ಹತ್ತೂದಿಲ್ಲ."

ಇನ್ನೊಬ್ಬ ಆಪರೇಟರು ಫೋನ್ ಬಂದ ಹಾಗೆ ಮಾಡಿ ಹೊರಗೆ ಹೋದ. ಹೀಗಾಗಿ, ಜೀವಮಾನದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯದ ನಾನು, ನಾಸ್ತಿಕ ಕೋಟಾದಲ್ಲಿ ಪ್ರೆಸ್ ಆಪರೇಟರಾದೆ. ರಾಜಾಜಿನಗರಕ್ಕೆ ಹೋಗಿ ಮುಂದೆ ಕಬ್ಬಿಣದ ಟೋಪಿ ಇರುವ ಸೇಫ್ಟಿ ಶೂ ತಂದೆ. ಇಂಜಿನಿಯರು ಬಂದಾಗ ಒಬ್ಬನಾದರೂ ಶೂ ಹಾಕಿರಲಿ ಎಂದು. ಶೂ ಹಾಕಿಕೊಂಡು ಶೆಡ್ಡಿನೊಳಗೆ ಕಾಲಿಟ್ಟ ಮೊದಲನೆಯವನು ನಾನು. ಭಾವ ಕಣ್ಣು ಮುಚ್ಚಿಕೊಂಡರು. ನಾನು ಅಭ್ಯಾಸ ಮಾಡಿದೆ. ಪಟ್ಟಿ ಸರಿಸು, ತುಳಿ, ಸರಿಸು, ತುಳಿ. ಅಚ್ಚರಿಯೆಂದರೆ ಬೇಗ ಬಂತು. ನನಗೆ ಗೊತ್ತಿಲ್ಲದೇ ನಾನೊಬ್ಬ ದುಡಿಯುವ ಮನುಷ್ಯನೇ ಇರಬೇಕು ಎಂದು ಹೆಮ್ಮೆಯಾಯಿತು. ದಿನದ ಕೊನೆಗೆ ಎಲ್ಲರೂ ಹೋದ ಮೇಲೆ ಭಾವ ಪೆಡಲನ್ನು ಒದ್ದೆ ಬಟ್ಟೆಯಿಂದ ಒರೆಸುವುದನ್ನು ಗಾಜಿನ ಗೂಡಿನಿಂದ ನೋಡಿದೆ. ಏನೋ ಗೊಣಗುತ್ತಿದ್ದರು. ಕ್ಷಮೆ ಕೇಳುತ್ತಿದ್ದರು, ನನ್ನ ಪರವಾಗಿ.

ಇಂಜಿನಿಯರು ಬಂದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಟ್ಯಾಬ್, ಕಾಲಿಗೆ ಕಪ್ಪು ಶೂ. ಬಾಗಿಲಲ್ಲಿ ಜೋಡಿಸಿದ್ದ ಚಪ್ಪಲಿಗಳನ್ನು ನೋಡಿ ನಿಂತರು.

"ಒಳಗೆ ಪೂಜೆ ಏನಾದ್ರೂ ನಡೀತಿದೆಯಾ ಸಾರ್?"

"ದಿನಾ ನಡೆಯತ್ತಮ್ಮ," ಅಂದರು ಭಾವ ಮುಗ್ಧವಾಗಿ. "ಶೂ ಇಲ್ಲೇ ಬಿಡಿ."

ಇಂಜಿನಿಯರು ಮೆತ್ತಗೆ, "ಶಾಪ್ ಫ್ಲೋರಲ್ಲಿ ಶೂ ಬಿಚ್ಚೋ ಹಾಗಿಲ್ಲ ಸಾರ್, ನಮ್ಮ ರೂಲು," ಎಂದು ಒಳಗೆ ಬಂದೇಬಿಟ್ಟರು. ಭಾವನ ಬರಿಗಾಲನ್ನು, ಆ ಹೆಂಗಸಿನ ಬರಿಗಾಲನ್ನು, ನೆಲದ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆ ಚೂರನ್ನು ನೋಡಿದರು. ಮುಖ ಗಟ್ಟಿಯಾಯಿತು. ಪರಿಸ್ಥಿತಿ ಕೈಮೀರುವ ಮೊದಲು ನಾನು ಅವರನ್ನು ನನ್ನ ಪೆಡಲ್ಲಿನ ಯಂತ್ರದ ಬಳಿಗೆ ಎಳೆದುಕೊಂಡು ಹೋದೆ.

"ಕೈ ಒಳಗೆ ಹೋಗದ ಹಾಗೆ ಇದಕ್ಕೆ ಗಾರ್ಡ್ ಎಲ್ಲಿ?" ಅಂದರು.

"ಸ್ಪೀಡ್ ನೋಡಿ ಮೇಡಂ!" ಅಂದೆ.

ಕೂತೆ. ಸರಿಸು, ತುಳಿ. ತುಂಡುಗಳು ಬುಟ್ಟಿಗೆ ಟಣ ಟಣ ಬೀಳುತ್ತಿದ್ದವು. ನನ್ನ ಜೀವನದ ಅತ್ಯುತ್ತಮ ಕೆಲಸದ ನಿಮಿಷಗಳು ಅವು ಎಂದು ಈಗಲೂ ಅನಿಸುತ್ತದೆ. ಇನ್ನೂ ಜೋರು ಮಾಡೋಣ ಎಂದು ಎಡಗಾಲನ್ನು ಸರಿಯಾಗಿ ಊರಲು ಹೋದೆ. ಶೂವಿನ ಕಬ್ಬಿಣದ ಮೂತಿ ಯಂತ್ರದ ಕಾಲಿಗೆ ಠಣ್ ಎಂದು ಬಡಿಯಿತು.

ಕಾಲು ತಾಗಿತು.

ಆಮೇಲೆ ನಡೆದದ್ದನ್ನು ನಾನು ಮಾಡಲಿಲ್ಲ. ನನ್ನ ಬಲಗೈ ಪಟ್ಟಿ ಬಿಟ್ಟು, ತನ್ನಷ್ಟಕ್ಕೆ ಯಂತ್ರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೊರಟಿತು. ಕೂತವನಿಗೆ ಹತ್ತಿರವಿದ್ದದ್ದು ಅಚ್ಚು ಕೂತಿದ್ದ ಆ ಹಾಸು. ಮುಟ್ಟಲು ಮುಂದೆ ಬಾಗಿದೆ. ಬಾಗಿದಾಗ ಮೈಭಾರವೆಲ್ಲ ಬಲಗಾಲಿಗೆ ಬಂತು. ಬಲಗಾಲು ಪೆಡಲಿನ ಮೇಲಿತ್ತು. ತಲೆ ಇಳಿಯಿತು.

ಕಿರುಚಿದ್ದು ನಾನಲ್ಲ, ಗದಗದ ಹೆಂಗಸು. ಮೇನ್ ಸ್ವಿಚ್ಚು ಆರಿಸಿದವಳೂ ಅವಳೇ. ಭಾವ ಹಿಂದಿನಿಂದ ನನ್ನ ಹೆಗಲು ಹಿಡಿದು ಎಳೆದದ್ದು, ನಾನು ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದದ್ದು ನೆನಪಿದೆ. ನೋವು ಆಗ ಇರಲಿಲ್ಲ. ಕೈಯನ್ನು ಮುಖದ ಮುಂದೆ ಹಿಡಿದು ಬೆರಳುಗಳನ್ನು ನೋಡಿದೆ, ಇವು ಯಾರವು ಎನ್ನುವ ಹಾಗೆ. ಐದೂ ಇದ್ದವು. ನಡುಬೆರಳ ತುದಿಯಲ್ಲಿ ಉಗುರು ಇರಬೇಕಾದ ಕಡೆ ಏನೋ ಬೇರೆ ಇತ್ತು. ಕೈ ಅಕ್ಕಿಕಾಳಿನಷ್ಟು ಇನ್ನೂ ಒಳಗೆ ಹೋಗಿದ್ದರೆ, ಆಮೇಲೆ ಎಲ್ಲರೂ ಹೇಳಿದರು, ನಾಲ್ಕು ಬೆರಳು ಬುಟ್ಟಿಯಲ್ಲಿ ಇರುತ್ತಿದ್ದವು.

ಭಾವನ ಮುಖ ಸುಣ್ಣವಾಗಿತ್ತು. "ಯಾಕೋ? ಯಾಕೋ ಕೈ ಹಾಕ್ದೆ?"

"ಕಾಲು ತಾಗ್ತು ಭಾವ."

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಇಂಜಿನಿಯರ ಕಾರಿನಲ್ಲೇ ಬಸವೇಶ್ವರನಗರದ ಕ್ಲಿನಿಕ್ಕಿಗೆ ಹೋದೆವು. ಹೊಲಿಗೆ ಹಾಕಿದರು. ಟೆಟನಸ್ ಸೂಜಿ ಹಾಕಿದರು. ಸೂಜಿ ಹೊಸದೇ ಎಂದು ನಾನು ಕೇಳಿದೆನಂತೆ, ನನಗೆ ನೆನಪಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಾಗ ಇಂಜಿನಿಯರು ನನ್ನನ್ನೇ ನೋಡುತ್ತಿದ್ದರು.

"ಸಾರ್, ಅಷ್ಟು ಚೆನ್ನಾಗಿ ಫೀಡ್ ಮಾಡ್ತಿದ್ರಿ. ಪಟ್ಟಿ ಸಿಕ್ಕಾಕ್ಕೊಂಡಿರ್ಲಿಲ್ಲ, ಏನಿಲ್ಲ. ಕೈ ಯಾಕೆ ಹೋಯ್ತು?"

ನಾಚಿಕೆಯಿಂದ ಹೇಳಿದೆ. ಮಷೀನಿಗೆ ಕಾಲು ತಾಗಿತು. ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದೆ.

ಅವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಕೈ ಇಳಿಸಿ, "ನಾನೂ ಮಾಡಿದೀನಿ ಸಾರ್," ಅಂದರು. "ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಮೀಟಿಂಗಲ್ಲಿ ಡ್ರಾಯಿಂಗ್ ಶೀಟ್ ಮೇಲೆ ಕಾಲಿಟ್ಬಿಟ್ಟೆ. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ಕೊಂಡೆ. ಎದುರಿಗೆ ಜರ್ಮನಿಯವರು. ಏನೋ ಬಿದ್ದೋಯ್ತು ಅಂದ್ಕೊಂಡು ಅವರೂ ಟೇಬಲ್ ಕೆಳಗೆ ಬಗ್ಗಿ ಹುಡುಕಿದ್ರು."

ನಾವಿಬ್ಬರೂ ನಕ್ಕೆವು. ನಕ್ಕಾಗ ಬೆರಳು ಮಿಡಿಯಿತು, ಆಗ ನೋವು ಗೊತ್ತಾಯಿತು. ಭಾವ ಮಾತ್ರ ನಗಲಿಲ್ಲ. ಅವರ ಕಣ್ಣೆದುರು ಶೆಡ್ಡಿಗೆ ಬೀಗ ಬಿದ್ದಾಗಿತ್ತು. ತಪಾಸಣೆಗೆ ಬಂದವರ ಮುಂದೆಯೇ ರಕ್ತ ಬಿದ್ದ ಶೆಡ್ಡಿಗೆ ಯಾರು ಕೆಲಸ ಕೊಡುತ್ತಾರೆ?

ಇಂಜಿನಿಯರು ನಮ್ಮನ್ನು ಬಿಡಲು ಶೆಡ್ಡಿಗೆ ವಾಪಸು ಬಂದರು. ಅಲ್ಲಿಂದಲೇ ಹೊರಟುಹೋಗುತ್ತಾರೆ ಎಂದುಕೊಂಡೆವು. ಅವರು ಒಳಗೆ ಬಂದು, ಉಳಿದ ಮೂರು ಪ್ರೆಸ್ಸುಗಳ ಮುಂದೆ ಒಂದೊಂದಾಗಿ ನಿಂತರು. ಒಂದರ ಎಡ ಗುಂಡಿಯನ್ನು ಒತ್ತಿದರು. ಏನೂ ಆಗಲಿಲ್ಲ. ಬಲ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಎರಡೂ ಕೈ ಚಾಚಿ ಎರಡನ್ನೂ ಒತ್ತಿದರು. ಧಡ್.

"ಇದನ್ನ ಯಾರು ಮಾಡ್ಸಿದ್ದು?"

ಭಾವ ಅಪರಾಧಿಯಂತೆ, "ನಾನೇ ಅಮ್ಮ. ನಿಧಾನ ಆಗತ್ತೆ, ಗೊತ್ತು," ಅಂದರು.

"ಯಾವ ಸೇಫ್ಟಿ ಕನ್ಸಲ್ಟೆಂಟು?"

"ಯಾರೂ ಇಲ್ಲ. ಪೆಡಲ್ ಮೇಲೆ ಕಾಲಿಡೋಕೆ ಮನಸ್ಸು ಬರ್ಲಿಲ್ಲ. ದೇವ್ರಲ್ವಾ ಅಂತ."

ಇಂಜಿನಿಯರು ಭಾವನನ್ನು, ನನ್ನ ಬ್ಯಾಂಡೇಜನ್ನು, ಮತ್ತೆ ಭಾವನನ್ನು ನೋಡಿದರು. ಆಮೇಲೆ ಅವರು ಹೇಳಿದ್ದನ್ನು ಕೇಳಿ ನಾನು ಪಕ್ಕದ ಗೋಡೆಗೆ ಒರಗಿಕೊಳ್ಳಬೇಕಾಯಿತು. ಪ್ರೆಸ್ಸಿಗೆ ಎರಡು ಕೈಯ ಗುಂಡಿ ಇರಲೇಬೇಕು ಎಂಬುದು ಅವರ ಕಂಪನಿಯ ಮೊದಲ ಷರತ್ತು. ಎರಡೂ ಕೈ ಗುಂಡಿಯ ಮೇಲಿದ್ದರೆ ಯಾವ ಕೈಯೂ ಅಚ್ಚಿನೊಳಗೆ ಇರಲು ಸಾಧ್ಯವಿಲ್ಲ. ಬರಿಯ ಪೆಡಲ್ ಕಂಡ ಶೆಡ್ಡುಗಳನ್ನು ಅವರು ಅಲ್ಲೇ ಹೊರಗಿಡುತ್ತಾರೆ. "ಈ ಬೀದೀಲಿ ನೋಡಿದ ಶೆಡ್ಡುಗಳಲ್ಲಿ ಬೆರಳು ಹೋದವರು ಒಬ್ಬರಾದ್ರೂ ಸಿಗ್ತಾರೆ. ನಿಮ್ಮಲ್ಲಿ?"

"ಯಾರದೂ ಹೋಗಿಲ್ಲಮ್ಮ," ಎಂದು ಭಾವ ನನ್ನ ಕಡೆ ತಿರುಗಿ, "ಇವತ್ತಿನವರೆಗೆ," ಎಂದರು.

ನನ್ನ ಸ್ಥಿತಿ ಊಹಿಸಿಕೊಳ್ಳಿ. ನಾನು ಮೌಢ್ಯ ಎಂದು ನಕ್ಕದ್ದು ಇಷ್ಟು ವರ್ಷ ಎಲ್ಲರ ಬೆರಳು ಕಾದಿತ್ತು. ನಾನು ಪ್ರಗತಿ ಎಂದು ತಂದದ್ದು ಬಂದ ವಾರದಲ್ಲೇ ನನ್ನದನ್ನು ಕೇಳಿತ್ತು. ಅದಕ್ಕಿಂತ ಗಾಬರಿಯ ಸಂಗತಿ, ಕೈಯನ್ನು ಅಚ್ಚಿನೊಳಕ್ಕೆ ಕಳಿಸಿದ್ದೂ ಅದೇ ಭಕ್ತಿ. ಅದೂ ಭಕ್ತಿಯೇ ಇಲ್ಲ ಎಂದುಕೊಂಡಿದ್ದ ನನ್ನೊಳಗಿನಿಂದ. ಮುಂದಿನ ಕಾರ್ಯಕ್ರಮಕ್ಕೆ ಭಾಷಣ ಮಾಡಿ ಎಂದು ಆಮೇಲೆ ಫೋನ್ ಬಂದಿತ್ತು. ಧರ್ಮದಿಂದ ಶಿಸ್ತು, ಶಿಸ್ತಿನಿಂದ ಉತ್ಪಾದನೆ ಎಂದು ಶುರುಮಾಡಲು ಬಾಯಿ ಬರಲಿಲ್ಲ. ಹುಷಾರಿಲ್ಲ ಎಂದೆ. ಅದಂತೂ ಯಾವಾಗಲೂ ನಿಜ.

ಆದರೆ ಶೆಡ್ಡಿನ ಮಾತು ಇನ್ನೂ ಮುಗಿದಿರಲಿಲ್ಲ. ಇಂಜಿನಿಯರು ಎರಡು ಷರತ್ತು ಹೇಳಿ ಹೋದರು. ಒಂದು, ಪೆಡಲ್ ಕಿತ್ತು ಎರಡು ಗುಂಡಿ ಹಾಕಿಸುವುದು. ಅದನ್ನು ಅವರು ಹೇಳಿ ಮುಗಿಸುವ ಮೊದಲೇ ಭಾವ ಸ್ಪ್ಯಾನರ್ ಕೈಗೆತ್ತಿಕೊಂಡಿದ್ದರು. ಎರಡು, ಒಳಗೆ ಕಾಲಿಡುವ ಪ್ರತಿಯೊಬ್ಬರಿಗೂ ಸೇಫ್ಟಿ ಶೂ. ಮಾಲೀಕರಿಗೂ. "ನಾನು ಮತ್ತೆ ಬಂದಾಗ ಒಂದು ಬರಿಗಾಲು ಕಂಡ್ರೂ ಸಹಿ ಹಾಕಲ್ಲ ಸಾರ್. ದಯವಿಟ್ಟು."

"ಅದೊಂದು ಆಗಲ್ಲಮ್ಮ," ಅಂದರು ಭಾವ.

ಎಲ್ಲರೂ ಹೇಳಿ ನೋಡಿದೆವು. ಅಕ್ಕ, "ಆಪರೇಷನ್ ಮಾಡೋ ಡಾಕ್ಟರು ಬರಿಗಾಲಲ್ಲಿ ನಿಂತಿರ್ತಾರಾ? ಅಲ್ಲಿ ಜೀವ ಉಳಿಯಲ್ವಾ?" ಎಂದಳು. ಭಾವ ತಟ್ಟೆಯಲ್ಲಿ ಕೈ ತೊಳೆದು ಎದ್ದರು. ನಾನು ದೇಶ, ಕಾಲ, ಸ್ಪರ್ಧೆ ಎಂದೆಲ್ಲ ಹೇಳಿದೆ. ಬ್ಯಾಂಡೇಜ್ ಸುತ್ತಿದ ಬೆರಳನ್ನು ಎತ್ತಿ ಹಿಡಿದು ಹೇಳಿದರೆ ಯಾವ ವಾದವೂ ನಿಲ್ಲುವುದಿಲ್ಲ. ಕೊನೆಗೆ ಅವರು, "ಎಲ್ಲರಿಗೂ ಶೂ ತಗೊಂಬಾ. ನಾನು ಹೊಸಿಲಾಚೆ ನಿಲ್ತೀನಿ. ಒಳಗೆ ಬರಲ್ಲ," ಎಂದರು.

"ಮಷೀನು ಯಾರು ಸೆಟ್ ಮಾಡ್ತಾರೆ?"

ಅಚ್ಚು ಕೂರಿಸಲು ಬರುತ್ತಿದ್ದುದು ಅವರೊಬ್ಬರಿಗೇ. ಅವರು ಹೊಸಿಲಾಚೆ ನಿಂತರೆ ಶೆಡ್ಡು ಬೀಗ ಹಾಕಿದ ಹಾಗೆಯೇ.

ಶೂ ತಂದ ದಿನ ಬೆಳಿಗ್ಗೆ ಗದಗದ ಹೆಂಗಸು ತನ್ನ ಜೋಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಠ ಮಾಡುತ್ತಾಳೆ, ದೇವರು ದಿಂಡಿರು ಎನ್ನುತ್ತಾಳೆ ಎಂದು ನಾನು ತಯಾರಾಗಿದ್ದೆ. ಅವಳು ಬಾಗಿಲ ಹೊರಗಿನ ನಲ್ಲಿಯ ಹತ್ತಿರ ಕೂತು ಕಾಲು ತೊಳೆದುಕೊಳ್ಳತೊಡಗಿದಳು. ಹೊಸಿಲ ಬಳಿ ಭಾವ ನಿಂತಿದ್ದರು. ಅವಳು ಅಂಗಾಲನ್ನು ಮೇಲೆ ಮಾಡಿ ಉಜ್ಜಿದಾಗ ನಾವಿಬ್ಬರೂ ನೋಡಿದೆವು. ಹಿಮ್ಮಡಿಯಿಂದ ಬೆರಳವರೆಗೆ ಚುಕ್ಕಿ ಚುಕ್ಕಿ ಕಲೆ, ಹಳೆಯವು ಕಪ್ಪಾಗಿ, ಹೊಸವು ಕೆಂಪಾಗಿ.

"ಏನಮ್ಮಾ ಅದು?" ಭಾವ ಕೇಳಿದರು.

"ಏನಿಲ್ರೀ ಯಜಮಾನ್ರ. ಹಿತ್ತಾಳಿ ಚೂರು. ಸಂಜೀಕೆ ಮನಿಗೆ ಹೋಗಿ ಸೂಜಿಲೆ ತಕ್ಕೋತೀನ್ರಿ. ಒಂದೊಂದು ಒಳಗ ಕುಂತ್ ಬಿಡ್ತಾವು, ಬರೂದಿಲ್ಲ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ?"

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. "ಗುಡ್ಯಾಗ ನಿಂತು ಕಾಲ್ ನೋಯ್ತಾವ ಅಂತ ಹೆಂಗ ಹೇಳೂದ್ರಿ?" ಎಂದು ನಕ್ಕು, ಶೂ ಏರಿಸಿ, ಕಾಲನ್ನು ನೆಲಕ್ಕೆ ಎರಡು ಸಲ ಕುಟ್ಟಿ, "ಛಲೋ ಅದಾವು ಬಿಡ್ರಿ!" ಎನ್ನುತ್ತ ಒಳಗೆ ಹೋದಳು. ಹಾಸನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂತಳು. ಎರಡು ಗುಂಡಿ, ಎರಡು ಕೈ, ಧಡ್.

ಭಾವ ಅಲ್ಲಿಂದ ಕದಲಲಿಲ್ಲ. ಅವರನ್ನು ಅಷ್ಟು ದಿಗ್ಭ್ರಮೆಯಲ್ಲಿ ನಾನು ಕಂಡಿರಲಿಲ್ಲ, ನನ್ನ ರಕ್ತ ಬಿದ್ದ ದಿನವೂ. ತಮ್ಮ ಕಾಲನ್ನು ನೋಡಿಕೊಳ್ಳುತ್ತ ಹೇಳಿದರು: "ನನಗೂ ಚುಚ್ಚತ್ತೆ ಕಣೋ. ದಿನಾ ಚುಚ್ಚತ್ತೆ. ನಾನು ಅದನ್ನ ಸೇವೆ ಅಂದ್ಕೊಂಡಿದ್ದೆ." ಅವಳು ಕೂತಿದ್ದ ಕಡೆ ನೋಡಿ, "ಅವಳಿಗೆ ಅದು ಬರೀ ನೋವು," ಅಂದರು.

ನನಗೆ ಚುಚ್ಚಿರಲೇ ಇಲ್ಲ. ನಾನು ಗಾಜಿನ ಗೂಡಿನಲ್ಲಿ ಕುರ್ಚಿಯ ಮೇಲೆ ಕಾಲು ಮಡಿಸಿ ಕೂರುವವನು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವರು ಹೊತ್ತು ಮೀರಿದರೂ ಬರಲಿಲ್ಲ. ಬಿ.ಪಿ. ಏರಿತೋ, ಎಲ್ಲಾದರೂ ಬಿದ್ದರೋ ಎಂದು ನಾನು ಅಕ್ಕನಿಗೆ ಮೇಲಿಂದ ಮೇಲೆ ಫೋನ್ ಮಾಡಿದೆ. "ಪೂಜೆಗೆ ಕೂತಿದಾರೆ, ಇನ್ನೊಂದ್ಸಲ. ಊಟಾನೂ ಮಾಡಿಲ್ಲ," ಎಂದಳು ಅವಳು. ಬಂದಾಗ ಬಾಗಿಲಲ್ಲಿ ಕೂತು, ಚಪ್ಪಲಿ ಬಿಚ್ಚಿ, ಅವರಿಗೆಂದು ತಂದಿಟ್ಟಿದ್ದ ಶೂ ಡಬ್ಬವನ್ನು ಎಳೆದುಕೊಂಡರು. ಶೂ ಹಾಕಿ ರೂಢಿಯಿಲ್ಲದ ಕಾಲು. ಲೇಸು ಕಟ್ಟಲು ಬಾರದೆ ಒದ್ದಾಡಿದರು. ನಾನು ಬಗ್ಗಿ ಕಟ್ಟಲು ಹೋದರೆ, "ಬೇಡ, ನಿನ್ನ ಬೆರಳು," ಎಂದು ಕೈ ತಳ್ಳಿದರು. ಹೇಗೋ ಗಂಟು ಹಾಕಿಕೊಂಡು ಎದ್ದು ಹೊಸಿಲು ದಾಟಿದರು. ಒಳಗೆ ಯಾರೂ ತಲೆಯೆತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಗುಂಡಿ ಒತ್ತುತ್ತಲೇ ಇದ್ದರು.

ಇಂಜಿನಿಯರು ಮತ್ತೆ ಬಂದರು, ಸಹಿ ಹಾಕಿದರು. ಕೆಲಸ ಬಂತು. ಈಗ ನಾಲ್ಕೂ ಪ್ರೆಸ್ಸುಗಳು ನಡೆಯುತ್ತಿವೆ, ಐದನೆಯದರ ಮಾತು ಶುರುವಾಗಿದೆ. ನಾನು ಅದಕ್ಕೆ ಮಾಡಬೇಕಾದ ಸಾಲದ ಚಿಂತೆ ಮಾಡುತ್ತಿದ್ದೇನೆ. ಭಾವ ಬೆಳಿಗ್ಗೆ ಬಂದು ಶೂ ಹಾಕಿಕೊಳ್ಳುತ್ತಾರೆ, ಅಚ್ಚು ಕೂರಿಸುತ್ತಾರೆ, ಎಣ್ಣೆ ಬಿಡುತ್ತಾರೆ. ವಿಭೂತಿ ಹಚ್ಚುವುದನ್ನು ಬಿಟ್ಟಿಲ್ಲ. ಆದರೆ ಮೊದಲಿನ ಹಾಗೆ ಯಂತ್ರದ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುವುದಿಲ್ಲ; ಹಚ್ಚಿ, ಕೈ ಒರೆಸಿಕೊಂಡು, ಮುಂದಿನದಕ್ಕೆ ಹೋಗುತ್ತಾರೆ.

ಮೊನ್ನೆ ಚಹಾದ ಹೊತ್ತಿನಲ್ಲಿ ಸುಮ್ಮನೆ ಕೇಳಿದೆ: "ಶೂ ಹೆಂಗಿದೆ ಭಾವ? ಕಚ್ತಿದೆಯಾ?"

ಅವರು ಲೋಟವನ್ನು ಕೆಳಗಿಟ್ಟು ಪಾದ ನೋಡಿಕೊಂಡರು.

"ಇಲ್ಲ ಕಣೋ. ಆರಾಮಾಗಿದೆ," ಅಂದರು. "ಅದೇ ನನಗೆ ಭಯ."